ಪಾಸಾಗುವುದು ಬೇರೆ, ಸೀಟು ಸಿಗುವುದು ಬೇರೆ: ವೈದ್ಯಕೀಯ ಕಟ್‌ಆಫ್ ಓದುವ ಬಗೆ

ಮೂವತ್ತೊಂದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕುಳಿತು ನಿವೃತ್ತನಾದವನು ನಾನು. ಸಾಲು, ಅಂಕಣ, ಅಡಿಟಿಪ್ಪಣಿ ಕಂಡರೆ ಇಂದಿಗೂ ಹಸಿವು ಮರೆಯುತ್ತೇನೆ. ಹನುಮಂತನಗರದ ನಮ್ಮ ಬೀದಿಗೆ ಇದು ಹೇಗೋ ಗೊತ್ತಾಗಿದೆ. ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ಫಲಿತಾಂಶ ಬಂದ ಮರುದಿನ ಬೆಳಿಗ್ಗೆ ಯಾರಾದರೊಬ್ಬರು ಮೊಬೈಲ್ ಹಿಡಿದುಕೊಂಡು ಗೇಟಿನ ಮುಂದೆ ನಿಂತಿರುತ್ತಾರೆ. ‘ಇಷ್ಟು ಅಂಕ ಬಂದಿದೆ, ಬೆಂಗಳೂರು ಮೆಡಿಕಲ್ ಕಾಲೇಜು ಸಿಗುತ್ತದೆಯೇ?’

ಅಂಕ ಬದಿಗಿಡಿ, ರ‍್ಯಾಂಕ್ ಹೇಳಿ ಎನ್ನುತ್ತೇನೆ. ಮುಖ ಸಣ್ಣದಾಗುತ್ತದೆ. ಆಗಲಿ.

ಪಿಯುಸಿ ಅಂಕದ ವಿಷಯ ಬೇಗ ಮುಗಿಯುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ 300ಕ್ಕೆ ಸಾಮಾನ್ಯ ವರ್ಗದವರಿಗೆ 150, ಮೀಸಲಾತಿ ವರ್ಗದವರಿಗೆ 120 ಬೇಕು. ಈ ಮೂರರಲ್ಲೂ ಇಂಗ್ಲಿಷಿನಲ್ಲೂ ಬೇರೆಬೇರೆಯಾಗಿ ಪಾಸಾಗಿರಬೇಕು. ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಇಷ್ಟಿದ್ದರೆ ಪಿಯುಸಿಯ ಕೆಲಸ ಮುಗಿಯಿತು. ಎಂಜಿನಿಯರಿಂಗ್ ಸಿಇಟಿಯಲ್ಲಿ ಪಿಯುಸಿ ಅಂಕವೂ ರ‍್ಯಾಂಕಿಗೆ ಸೇರುವುದರಿಂದ ಇಲ್ಲೂ ಹಾಗೆಯೇ ಎಂದು ಹಲವರು ನಂಬಿದ್ದಾರೆ. ಇಲ್ಲಿ 98 ಶೇಕಡಾ ತೆಗೆದವಳಿಗೂ 60 ಶೇಕಡಾ ತೆಗೆದವಳಿಗೂ ಸಾಲು ಒಂದೇ.

ಇನ್ನು ನೀಟ್. 180 ಪ್ರಶ್ನೆ, 720 ಅಂಕ. ಸರಿಯಾದರೆ 4 ಅಂಕ, ತಪ್ಪಿದರೆ 1 ಕಡಿತ. ಅರ್ಧದಷ್ಟು ಅಂಕ, ಅಂದರೆ 360, ಜೀವಶಾಸ್ತ್ರದ್ದೇ. ಇಬ್ಬರಿಗೆ ಸಮನಾದ ಅಂಕ ಬಂದಾಗಲೂ ಮೊದಲು ನೋಡುವುದು ಜೀವಶಾಸ್ತ್ರವನ್ನೇ. ಸಾಮಾನ್ಯ ವರ್ಗದವರು ಅರ್ಹರಾಗಲು 50ನೇ ಪರ್ಸೆಂಟೈಲ್ ಮುಟ್ಟಬೇಕು, ಎಸ್‌ಸಿ, ಎಸ್‌ಟಿ, ಒಬಿಸಿಯವರು 40ನೇ ಪರ್ಸೆಂಟೈಲ್. ಇದು ಶೇಕಡಾ 50 ಅಲ್ಲ. ಬರೆದವರಲ್ಲಿ ಅರ್ಧ ಜನ ನಿಮಗಿಂತ ಹಿಂದಿದ್ದಾರೆ ಎಂದರ್ಥ. 2025ರಲ್ಲಿ ಆ ಗೆರೆ 720ಕ್ಕೆ 144ರಲ್ಲಿ ಬಿತ್ತು. ಆ ವರ್ಷ ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು. ಕಲ್ಯಾಣ ಮಂಟಪದ ಬಾಗಿಲು ದಾಟಿದವರಿಗೆಲ್ಲ ಮೊದಲ ಪಂಕ್ತಿಯಲ್ಲೇ ಎಲೆ ಸಿಗುತ್ತದೆಯೇ? ಒಂದು ತರಬೇತಿ ಕೇಂದ್ರದವರು ನಮ್ಮ ಪಕ್ಕದ ಮನೆಯವರಿಗೆ ‘ನಿಮ್ಮ ಹುಡುಗ ಕ್ವಾಲಿಫೈ ಆಗಿದ್ದಾನೆ’ ಎಂದು ಪೇಡ ತಿನ್ನಿಸಿ ಕಳಿಸಿದ್ದರು. ಆ ಪೇಡದ ಸಿಹಿ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಅಂಕ ಏಕೆ ನಂಬಿಕಸ್ಥನಲ್ಲ ಎಂಬುದಕ್ಕೆ ಎರಡು ವರ್ಷ ಪಕ್ಕಪಕ್ಕ ಇಟ್ಟು ನೋಡಿ. 2024ರಲ್ಲಿ ಪರಿಷ್ಕೃತ ಪಟ್ಟಿಯ ಪ್ರಕಾರವೇ 17 ಮಂದಿಗೆ 720ಕ್ಕೆ 720. 600 ದಾಟಿದವರು ಎಂಬತ್ತು ಸಾವಿರದ ಆಸುಪಾಸು. 2025ರ ಪ್ರಶ್ನೆಪತ್ರಿಕೆ ಕಠಿಣ. ದೇಶಕ್ಕೇ ಮೊದಲಿಗನ ಅಂಕ 686, 600 ದಾಟಿದವರು ಸಾವಿರದ ಮುನ್ನೂರರ ಆಸುಪಾಸು. ಒಂದೇ 600, ಒಂದು ವರ್ಷ ಜಾತ್ರೆಯ ಗುಂಪಿನ ನಡುವೆ, ಮರುವರ್ಷ ತೇರಿನ ಮುಂದೆ. ಕಳೆದ ವರ್ಷ ಪಕ್ಕದ ಮನೆಯವಳಿಗೆ ಎಷ್ಟು ಅಂಕಕ್ಕೆ ಸೀಟು ಸಿಕ್ಕಿತು ಎಂಬ ವಿಚಾರಣೆ ಹೀಗಾಗಿ ಕಾಲಹರಣ. ಎಷ್ಟನೇ ರ‍್ಯಾಂಕಿಗೆ ಸಿಕ್ಕಿತು ಎಂದು ಕೇಳಿ.

ಈಗ ನನಗೆ ಪ್ರಿಯವಾದ ಭಾಗ. ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆಯ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚಿಕೆಯ ಪ್ರತಿ ಸುತ್ತಿನ ನಂತರ ಕಟ್‌ಆಫ್ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಮೇಲೆ ಅಡ್ಡಲಾಗಿ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 3ಬಿಆರ್ ಎಂಬಂತಹ ಸಂಕೇತಗಳು. ಜಿಎಂ ಎಂದರೆ ಎಲ್ಲರಿಗೂ ತೆರೆದ ಸಾಮಾನ್ಯ ಸೀಟು, 2ಎ, 3ಬಿ ಎಂದರೆ ರಾಜ್ಯದ ಹಿಂದುಳಿದ ವರ್ಗಗಳು. ಕೊನೆಯ ಅಕ್ಷರವೇ ಬೀಗದ ಕೈ. ‘ಜಿ’ ಎಂದರೆ ಆ ವರ್ಗದ ಸಾಮಾನ್ಯ ಸೀಟು, ‘ಕೆ’ ಎಂದರೆ ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ‘ಆರ್’ ಎಂದರೆ ಆ ಹತ್ತೂ ವರ್ಷ ಗ್ರಾಮೀಣ ಪ್ರದೇಶ, ‘ಎಚ್’ ಎಂದರೆ ಸಂವಿಧಾನದ 371ಜೆ ವಿಧಿಯಡಿಯ ಕಲ್ಯಾಣ ಕರ್ನಾಟಕ. ಚೌಕದೊಳಗಿನ ಸಂಖ್ಯೆ ಆ ಸೀಟು ಪಡೆದ ಕೊನೆಯವರ ರ‍್ಯಾಂಕ್. ನಿಮ್ಮದು ಅದಕ್ಕಿಂತ ಚಿಕ್ಕದಿರಬೇಕು. ಗೆರೆ ಮಾತ್ರ ಇದ್ದರೆ ಆ ಸುತ್ತಿನಲ್ಲಿ ಆ ಸೀಟು ಯಾರಿಗೂ ಹಂಚಿಕೆಯಾಗಿಲ್ಲ. ಮಂಡ್ಯದ ಹಳ್ಳಿಯಲ್ಲಿ ಕನ್ನಡದಲ್ಲಿ ಓದಿ ಬಂದ ಹುಡುಗಿ ಜಿಎಂ ಅಂಕಣವೊಂದನ್ನೇ ನೋಡಿ ಅಳುತ್ತಾ ಕೂರುವುದನ್ನು ಕಂಡಿದ್ದೇನೆ. ತನಗೆ ಅನ್ವಯಿಸುವ ಎಲ್ಲ ಅಂಕಣಗಳನ್ನೂ ನೋಡಬೇಕು. ಅದಕ್ಕೆ ತಕ್ಕ ಪ್ರಮಾಣಪತ್ರಗಳು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಸಮೇತ, ಫಲಿತಾಂಶಕ್ಕೆ ಮೊದಲೇ ಕೈಯಲ್ಲಿರಲಿ. ನೀಟ್ ಬರೆದ ಮಾತ್ರಕ್ಕೆ ಪ್ರಾಧಿಕಾರಕ್ಕೆ ನಿಮ್ಮ ಹೆಸರು ತಾನಾಗಿ ಹೋಗುವುದಿಲ್ಲ. ಅಲ್ಲಿ ಪ್ರತ್ಯೇಕ ನೋಂದಣಿ ಮಾಡಬೇಕು.

ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಸೀಟು, ಖಾಸಗಿ ಸೀಟು, ಎನ್‌ಆರ್‌ಐ ಸೀಟು ಎಂದು ಬೇರೆಬೇರೆ ಇರುತ್ತವೆ. ಕಟ್ಟಡ ಒಂದೇ, ಕಟ್‌ಆಫ್ ಬೇರೆ, ಶುಲ್ಕ ಬೇರೆ. ಕೆಳಗಿಳಿದ ಕಟ್‌ಆಫ್ ಕಂಡು, ಅಂದರೆ ದೊಡ್ಡ ರ‍್ಯಾಂಕಿಗೂ ಸೀಟು ಸಿಕ್ಕಿದ್ದು ಕಂಡು, ಹಿಗ್ಗುವ ಮೊದಲು ಶುಲ್ಕದ ಪಟ್ಟಿಯನ್ನೂ ತೆರೆದಿಡಿ. ಸರ್ಕಾರಿ ಕಾಲೇಜುಗಳ 15 ಶೇಕಡಾ ಸೀಟು ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳದ್ದು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ (ಎಂಸಿಸಿ) ಲೆಕ್ಕ. ಅಲ್ಲಿ ನಮ್ಮ 2ಎ, 3ಬಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ಎಂದು ಬೇರೆಯಾಗಿ ನೋಡಬೇಕು.

ಇಷ್ಟೆಲ್ಲ ಬಲ್ಲ ನಾನೇ ಒಮ್ಮೆ ಎಡವಿದೆ. ತಂಗಿಯ ಮಗಳು ಬಯಸುವ ಕಾಲೇಜುಗಳ ಆಯ್ಕೆಪಟ್ಟಿ ತುಂಬುವಾಗ ಮೊದಲ ಸುತ್ತಿನ ಪಟ್ಟಿಯನ್ನಷ್ಟೇ ಮುಂದಿಟ್ಟುಕೊಂಡಿದ್ದೆ. ದೂರದ ಜಿಲ್ಲೆಯ ಒಂದು ಸರ್ಕಾರಿ ಕಾಲೇಜು ಅವಳಿಗೆ ಎಟುಕುವುದಿಲ್ಲ, ಎಟುಕಿದರೂ ಅಷ್ಟು ದೂರ ಯಾರು ಹೋಗುತ್ತಾರೆ ಎಂದು ನಾನೇ ಬಿಡಿಸಿದೆ. ಕೊನೆಯ ಸುತ್ತು ಮುಗಿದಾಗ ಅಲ್ಲಿನ ಕಟ್‌ಆಫ್ ಅವಳ ರ‍್ಯಾಂಕನ್ನು ದಾಟಿ ಕೆಳಗಿಳಿದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಇನ್ನೊಂದು ವರ್ಷ ಓದಿದಳು. ತಂಗಿ ಆ ದೀಪಾವಳಿಗೆ ನಮ್ಮ ಮನೆಗೆ ಬರಲಿಲ್ಲ.

ಅಂದಿನಿಂದ ಎರಡು ವರ್ಷಗಳ ಮೊದಲ ಮತ್ತು ಕೊನೆಯ ಸುತ್ತಿನ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣವಾಗಿ ಬರೆಸುತ್ತೇನೆ. ಐದನೆಯದರಲ್ಲಿ ಮಗು ತನ್ನ ಕೈಯಾರೆ ‘ಹೋಗುತ್ತೇನೆ’ ಅಥವಾ ‘ಹೋಗುವುದಿಲ್ಲ’ ಎಂದು ಬರೆಯಬೇಕು. ಆ ಅಂಕಣದಲ್ಲಿ ಅಪ್ಪ, ಅಮ್ಮ, ಸೋದರಮಾವ ಯಾರೂ ಪೆನ್ನು ಆಡಿಸುವಂತಿಲ್ಲ. ನಿಜವಾದ ಹಂಚಿಕೆಗೆ ಮೊದಲಿನ ಅಣಕು ಹಂಚಿಕೆ ಬಂದ ಸಂಜೆ ಅದೇ ನೋಟ್‌ಬುಕ್ ಹಿಡಿದುಕೊಂಡು ಬಂದರೆ ಕ್ರಮವನ್ನು ಮತ್ತೊಮ್ಮೆ ನೋಡೋಣ. ಕಾಫಿ ನಮ್ಮ ಮನೆಯದು.