ಕಾಲು ಮೊದಲು, ಹೆಬ್ಬೆರಳು ಆಮೇಲೆ: ಎಟಿವಿ ಡ್ರ್ಯಾಗ್‌ನಲ್ಲಿ ಗೇರ್ ಹಾಕುವುದು ಹೇಗೆ?

ಎಟಿವಿ ಅಂದರೆ ಮಣ್ಣು, ಮರಳಿನಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ. ಡ್ರ್ಯಾಗ್ ಅಂದರೆ ನೇರ ಟ್ರ್ಯಾಕಿನಲ್ಲಿ ಯಾರು ಮೊದಲು ಎಂಬ ಸಣ್ಣ ಓಟ. ಲೋಣಾವಳ, ಗೋವಾ ಕಡೆ ಬಾಡಿಗೆಗೆ ಸಿಗುವ ಎಟಿವಿಗಳಲ್ಲಿ ಹೆಚ್ಚಿನವು ಬೆಲ್ಟ್ ಮೇಲೆ ಓಡುವ ಆಟೊಮ್ಯಾಟಿಕ್ ಗಾಡಿಗಳು. ಗೇರಿನ ಗೊಡವೆಯೇ ಇಲ್ಲ. ಸ್ಪೋರ್ಟ್ ಎಟಿವಿ ಹಾಗಲ್ಲ. ಯಮಹಾ ರ‍್ಯಾಪ್ಟರ್ 700 ನೋಡಿ, 686 ಸಿಸಿ, ಒಂದೇ ಸಿಲಿಂಡರ್, 5 ಗೇರ್. ಹಳೆಯ ಬ್ಯಾನ್ಶೀ 347 ಸಿಸಿಯ ಟೂ-ಸ್ಟ್ರೋಕ್, 6 ಗೇರ್. ಎಡಗೈಯಲ್ಲಿ ಕ್ಲಚ್, ಎಡಗಾಲಲ್ಲಿ ಗೇರ್, ಇಲ್ಲಿಯವರೆಗೆ ಬೈಕಿನ ಹಾಗೆಯೇ. ಎಕ್ಸಲರೇಟರ್ ಮಾತ್ರ ತಿರುಗಿಸುವುದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವುದು. ಬೈಕಲ್ಲಿ ಚೆನ್ನಾಗಿ ಗೇರ್ ಹಾಕುವವರೂ ಇಲ್ಲಿ ತಡವರಿಸುವುದು ಇದಕ್ಕೇ.

ಪುಣೆಯ ಭೋಸರಿ, ಚಾಕಣ ಕಡೆ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನಮ್ಮ ಬೆಳಗಾವಿ, ವಿಜಯಪುರದ ಹುಡುಗರಿಗೆ ಗಾಡಿ ಹುಚ್ಚು ಜಾಸ್ತಿ. ಅವರು ಕೇಳುವ ಪ್ರಶ್ನೆ ಒಂದೇ: ‘ಸರ್, ಕ್ಲಚ್ ಹಿಡೀಬೇಕೋ, ಹಂಗ ಹಾಕಬೇಕೋ?’ ಒಂದರಿಂದ ಎರಡಕ್ಕೆ ಹಿಡಿಯಿರಿ, ಅಲ್ಲಿಂದ ಮೇಲೆ ಬೇಡ. ಇದು ನನ್ನ ಉತ್ತರ. ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಇದೆ.

ಲಿವರ್ ಸರಿಮಾಡಿ

ಬೂಟು ಹಾಕಿಕೊಂಡೇ ಗಾಡಿ ಮೇಲೆ ಕೂತುಕೊಳ್ಳಿ, ಸ್ಟಾರ್ಟ್ ಮಾಡಬೇಡಿ. ರೇಸಿನಲ್ಲಿ ಬಾಗುವಷ್ಟು ಮುಂದೆ ಬಾಗಿ. ಈಗ ಬೂಟಿನ ತುದಿ ಗೇರ್ ಲಿವರ್ ಕೆಳಗೆ ಸಲೀಸಾಗಿ ಹೋಗುತ್ತದಾ? ಪಾದ ಫುಟ್‌ರೆಸ್ಟ್ ಬಿಟ್ಟು ಏಳದೆ, ಬರೀ ಕಣಕಾಲಿನಿಂದ ಲಿವರ್ ಪೂರ್ತಿ ಮೇಲೆ ಹೋಗುತ್ತದಾ? ಹೋಗದಿದ್ದರೆ ಬೋಲ್ಟ್ ಬಿಚ್ಚಿ ಲಿವರ್ ಹೊರಗೆಳೆಯಿರಿ. ಶಾಫ್ಟಿನ ಸುತ್ತ ಸಣ್ಣ ಹಲ್ಲುಗಳಿರುತ್ತವೆ. ಒಂದು ಹಲ್ಲು ಆಚೀಚೆ ಮಾಡಿ ಮತ್ತೆ ಕೂರಿಸಿ, ಬೋಲ್ಟ್ ಬಿಗಿಮಾಡಿ. ಒಂದು ಹಲ್ಲಿಗೇ ಲಿವರ್ ತುದಿ ಸಾಕಷ್ಟು ಮೇಲೆ ಕೆಳಗೆ ಆಗುತ್ತದೆ. ಹಾಗೆಯೇ ಚೈನ್ ನೋಡಿಬಿಡಿ. ಸಡಿಲ ಚೈನ್ ಇದ್ದರೆ ಪ್ರತಿ ಗೇರಿಗೂ ಗಾಡಿ ಜಗ್ಗುತ್ತದೆ.

ಒಳಗೆ ಏನಾಗುತ್ತದೆ?

ಗೇರ್ ಬಾಕ್ಸಿನಲ್ಲಿ ಎಲ್ಲ ಗೇರುಗಳೂ ಯಾವಾಗಲೂ ಜೋಡಿಯಾಗಿ ತಿರುಗುತ್ತಿರುತ್ತವೆ. ಯಾವ ಜೋಡಿ ಚಕ್ರಕ್ಕೆ ಶಕ್ತಿ ಕೊಡಬೇಕು ಎಂದು ತೀರ್ಮಾನಿಸುವುದು ಗೇರಿನ ಪಕ್ಕದ ದಪ್ಪ ಹಲ್ಲುಗಳು. ಮೆಕ್ಯಾನಿಕ್‌ಗಳು ಅದಕ್ಕೆ ಡಾಗ್ ಅನ್ನುತ್ತಾರೆ. ಎಂಜಿನ್ ಜೋರಾಗಿ ಎಳೆಯುತ್ತಿರುವಾಗ ಈ ಡಾಗ್‌ಗಳು ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಂಡಿರುತ್ತವೆ, ಕಾಲಿನಿಂದ ಎಷ್ಟು ಎತ್ತಿದರೂ ಬಿಡುವುದಿಲ್ಲ. ಒಂದು ಕ್ಷಣ ಎಳೆತ ಕಡಿಮೆಯಾದರೆ ಸಾಕು, ತಾವೇ ಜಾರುತ್ತವೆ. ಆ ಒಂದು ಕ್ಷಣ ಕೊಡುವುದೇ ಗೇರ್ ಹಾಕುವ ಕಲೆ. ಕ್ಲಚ್ ಹಿಡಿದರೂ ಅದೇ, ಹೆಬ್ಬೆರಳು ಸಡಿಲಿಸಿದರೂ ಅದೇ, ಕ್ವಿಕ್ ಶಿಫ್ಟರ್ ಎಂಬ ಸಾಧನ ಎಂಜಿನ್ನಿನ ಇಗ್ನಿಷನ್ (ಕಿಡಿ) ಒಂದು ಕ್ಷಣ ಕಡಿದರೂ ಅದೇ.

ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಬಿಚ್ಚಿಟ್ಟ ಎರಡನೇ ಗೇರ್ ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೊಸ ಡಾಗಿನ ಅಂಚು ಉಗುರಿಗೆ ಚೂಪಾಗಿ ತಾಗುತ್ತದೆ. ಇದರ ಮೂಲೆಗಳೆಲ್ಲ ದುಂಡಗಾಗಿ, ಉಜ್ಜಿದ ಸ್ಟೀಲಿನ ಹಾಗೆ ಹೊಳೆಯುತ್ತಿದ್ದವು. ಲಿವರ್ ಅರೆಬರೆ ಎತ್ತಿ ಎತ್ತಿ ಆದ ಗತಿ ಇದು.

ಹೊರಡುವುದು, ಎರಡನೇ ಗೇರ್

ಹೆಚ್ಚಿನ ಗಾಡಿಗಳಲ್ಲಿ ಒಂದು ಕೆಳಗೆ, ಉಳಿದವು ಮೇಲೆ, ನಡುವೆ ನ್ಯೂಟ್ರಲ್. ಅಂದರೆ ಒಂದರಿಂದ ಎರಡಕ್ಕೆ ನ್ಯೂಟ್ರಲ್ ದಾಟಿಯೇ ಹೋಗಬೇಕು. ಎರಡರ ನಡುವಿನ ಅಂತರವೂ ದೊಡ್ಡದು. ಅದಕ್ಕೇ ಇಲ್ಲಿ ಕ್ಲಚ್ ಹಿಡಿಯಿರಿ ಅಂದದ್ದು. ಪೂರ್ತಿ ಹಿಡಿಯಬೇಕಿಲ್ಲ, ಎರಡು ಬೆರಳಿನಿಂದ ತುಸು ಎಳೆದು ಬಿಟ್ಟರೆ ಸಾಕು. ಮೈ ಮುಂದೆಯೇ ಇರಲಿ. ಕ್ಲಚ್ ಒಮ್ಮೆಲೇ ಬಿಟ್ಟು ಹಿಂದೆ ಕೂತರೆ ಮುಂದಿನ ಚಕ್ರಗಳು ಏಳುತ್ತವೆ. ಬಲ ಜಾಸ್ತಿ ಇರುವ ಗಾಡಿಯಲ್ಲಿ ಒಂದನೇ ಗೇರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ ಅಂತ ಕೆಲವರು ಎರಡರಲ್ಲೇ ಹೊರಡುತ್ತಾರೆ. ಸಣ್ಣ ಟ್ರ್ಯಾಕಿನಲ್ಲಿ ಇದು ಲಾಭವೇ, ಆದರೆ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ.

ಮೂರು, ನಾಲ್ಕು, ಐದು

ಇನ್ನು ಕ್ಲಚ್ ಮರೆತುಬಿಡಿ. ಗೇರ್ ಬದಲಿಸುವ ಹೊತ್ತು ಬರುವ ಮೊದಲೇ ಬೂಟಿನ ತುದಿಯಿಂದ ಲಿವರನ್ನು ಮೆಲ್ಲಗೆ ಮೇಲಕ್ಕೆ ಒತ್ತಿ ಹಿಡಿಯಿರಿ. ಹೊತ್ತು ಬಂದಾಗ ಹೆಬ್ಬೆರಳನ್ನು ತುಸುವೇ ಸಡಿಲಿಸಿ. ಕಾಲು ಮೊದಲೇ ಒತ್ತಿಕೊಂಡಿರುವುದರಿಂದ ಗೇರ್ ತಾನಾಗಿ ಬೀಳುತ್ತದೆ. ಕೂಡಲೇ ಮತ್ತೆ ಪೂರ್ತಿ ಒತ್ತಿ. ಹೊಸಬರು ಉಲ್ಟಾ ಮಾಡುತ್ತಾರೆ: ಹೆಬ್ಬೆರಳು ಪೂರ್ತಿ ತೆಗೆದು, ಆಮೇಲೆ ಲಿವರ್ ಹುಡುಕುತ್ತಾರೆ. ಅಷ್ಟರಲ್ಲಿ ಪಕ್ಕದ ಲೇನಿನವನು ಮುಂದೆ ಹೋಗಿರುತ್ತಾನೆ. ಲಿವರ್ ಕೊನೆ ಮುಟ್ಟುವವರೆಗೆ ಒತ್ತಡ ಬಿಡಬೇಡಿ, ಬಿಟ್ಟರೆ ಎರಡು ಗೇರುಗಳ ನಡುವೆ ಸಿಕ್ಕಿಕೊಂಡು ಎಂಜಿನ್ ಸುಮ್ನೆ ಕಿರುಚುತ್ತದೆ. ಮುಂದಿನ ಗೇರಿಗೆ ಮೊದಲು ಲಿವರ್ ಕೆಳಗಿಳಿಯಲು ಬಿಡುವುದನ್ನೂ ಮರೆಯಬೇಡಿ.

ಎಕ್ಸಲರೇಟರ್ ಪೂರ್ತಿ ಒತ್ತಿಕೊಂಡೇ ಕ್ಲಚ್ ತಟ್ಟಿ ಗೇರ್ ಹಾಕುವವರೂ ಇದ್ದಾರೆ. ವೇಗ ಸಿಗುತ್ತದೆ ನಿಜ. ಆದರೆ ಕಾಲು ಒಂಚೂರು ತಡವಾದರೆ ಡಾಗ್‌ಗಳ ಮೇಲೆಯೇ ಏಟು. ಮಾಮೂಲಿ ಗೇರ್ ಬಾಕ್ಸ್ ಇದ್ದರೆ ಮಾಡಬೇಡಿ.

ಯಾವಾಗ ಹಾಕಬೇಕು?

ಗರಿಷ್ಠ ಪವರ್ ಸಿಗುವ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಸ್ವಲ್ಪ ದಾಟಿದ ಮೇಲೆ. ಲೆಕ್ಕ ಹೀಗೆ: ನಿಮ್ಮ ಗಾಡಿಯ ಪವರ್ 8,000ದಲ್ಲಿ ಗರಿಷ್ಠ, ಗೇರ್ ಬದಲಿಸಿದಾಗ ಆರ್‌ಪಿಎಂ ಶೇ 20 ಇಳಿಯುತ್ತದೆ ಅಂದುಕೊಳ್ಳಿ. 8,000ದಲ್ಲಿ ಹಾಕಿದರೆ 6,400ಕ್ಕೆ ಬೀಳುತ್ತೀರಿ, ಎಳೆತ ಸತ್ತಂತೆ. 8,800ರಲ್ಲಿ ಹಾಕಿದರೆ 7,040. ಮೇಲಿನ ಗೇರುಗಳಲ್ಲಿ ಈ ಇಳಿತ ಕಡಿಮೆ, ಅಲ್ಲಿ ತುಸು ಬೇಗ ಹಾಕಿದರೂ ನಡೆಯುತ್ತದೆ. ಮೀಟರ್ ನೋಡುತ್ತಾ ಕೂರಲು ಆಗಲ್ಲ, ಗೇರ್ ಹಾಕುವ ಹೊತ್ತಿಗೆ ಹೊತ್ತಿಕೊಳ್ಳುವ ಶಿಫ್ಟ್ ಲೈಟ್ ಹಾಕಿಸಿ.

ಪುಣೆಯವರಿಗೆ ಇನ್ನೊಂದು ಮಾತು. ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ಕಾರ್ಬ್ಯುರೇಟರ್ ಸೆಟ್ ಮಾಡಿದ ಬ್ಯಾನ್ಶೀಯನ್ನು ಗೋವಾಕ್ಕೆ ಇಳಿಸಿದರೆ ಅಲ್ಲಿನ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ ಪಿಸ್ಟನ್ ಹಿಡಿಯುವ ಅಪಾಯ ಇದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿಯುವ ತೂತು, ಅಂದರೆ ಮೇನ್ ಜೆಟ್ ನೋಡಿಕೊಳ್ಳಿ.

ಎಲ್ಲಿ ಕಲಿಯಬೇಕು?

ಗೋವಾದ ಬೀಚಿನಲ್ಲಿ ಬೇಡವೇ ಬೇಡ, ಅಲ್ಲಿ ಗಾಡಿ ಇಳಿಸುವುದು ಕಾನೂನುಬಾಹಿರ. ಡಾಂಬರು ರಸ್ತೆಯೂ ಬೇಡ. ಈ ಗಾಡಿಗಳ ಟೈರು ಮಣ್ಣಿಗೆಂದು ಮಾಡಿದವು, ಹಿಂದಿನ ಎರಡೂ ಚಕ್ರ ಒಂದೇ ಆ್ಯಕ್ಸಲ್‌ಗೆ ಬಿಗಿದಿರುತ್ತವೆ, ಡಾಂಬರಿನ ಮೇಲೆ ತಿರುವಿನಲ್ಲಿ ಪಲ್ಟಿ ಹೊಡೆಯುವ ಭಯ ಇದೆ. ಮಾಲೀಕರನ್ನು ಕೇಳಿ ಸಮತಟ್ಟಾದ ಖಾಸಗಿ ಮೈದಾನ ಹಿಡಿಯಿರಿ. ಸ್ಪರ್ಧೆಗೆ ಇಳಿಯುವುದಾದರೆ ದೇಶದ ಮೋಟಾರ್ ರೇಸಿಂಗ್ ಒಕ್ಕೂಟ ಎಫ್‌ಎಂಎಸ್‌ಸಿಐ ನಿಯಮ ಓದಿ. ಹೆಲ್ಮೆಟ್, ಬೂಟು, ಬಿದ್ದರೆ ಎಂಜಿನ್ ನಿಲ್ಲಿಸುವ, ಮಣಿಕಟ್ಟಿಗೆ ಕಟ್ಟುವ ಕಿಲ್ ಸ್ವಿಚ್ ದಾರ ಇಲ್ಲದೆ ಸ್ಟಾರ್ಟ್ ಕೂಡ ಮಾಡಬೇಡಿ.

ಆಯಿಲ್ ಬದಲಿಸುವಾಗ ಡ್ರೈನ್ ಬೋಲ್ಟ್ ಒರೆಸಿ ನೋಡಿ. ನುಣ್ಣನೆ ಬೂದು ಪುಡಿ ಇದ್ದರೆ ಸಹಜ. ಚೂರುಗಳು ಸಿಕ್ಕರೆ, ಅಥವಾ ಎಳೆಯುವಾಗ ಎರಡನೇ ಗೇರ್ ತಾನೇ ಹೊರಗೆ ಹಾರುತ್ತಿದ್ದರೆ, ಮುಂದಿನ ರನ್ ಬಿಟ್ಟು ಎಂಜಿನ್ ಬಿಚ್ಚಿಸಿ.