ಸೀರೆ ಸೂಟ್‌ಕೇಸಿನಲ್ಲಿ ಸಾಲದ ಕಾಗದ: ಡಿಎಂಪಿ ಬೇಕೋ ಬೇಡವೋ ಅಂತ ಕೇಳುವ ಹೊಸಬರಿಗೆ

2022ರ ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ನನ್ನ ಬಂಡವಾಳ ಬಯಲಾಯಿತು. ಕಳಶಕ್ಕೆ ಉಡಿಸಲು ರೇಷ್ಮೆ ಸೀರೆ ಬೇಕು ಅಂತ ಹೆಂಡತಿ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದಳು. ಧಾರೆ ಸೀರೆಯ ಕೆಳಗೆ ಹನ್ನೊಂದು ಲಕೋಟೆ. ಒಂದನ್ನೂ ನಾನು ಒಡೆದಿರಲಿಲ್ಲ. ವರ್ಷಕ್ಕೊಮ್ಮೆ ತೆಗೆಯುವ ಪೆಟ್ಟಿಗೆ, ಯಾರಿಗೂ ಕಾಣೋದಿಲ್ಲ ಅಂದುಕೊಂಡಿದ್ದೆ. ಆ ಒಂದು ದಿನ ಹಬ್ಬಕ್ಕೇ ಬರುತ್ತೆ ಅನ್ನೋದು ಹೊಳೆಯಲಿಲ್ಲ, ನೋಡಿ. "ಇದೇನ್ರೀ?" ಅಂದಳು. ಲಕ್ಷ್ಮಿಯನ್ನು ಕೂರಿಸಬೇಕಾದ ಹೊತ್ತಲ್ಲಿ ಇಬ್ಬರೂ ನೆಲದ ಮೇಲೆ ಕೂತು ಸಾಲ ಕೂಡಿಸಿದೆವು. 6,800 ಪೌಂಡ್.

ಇಂಗ್ಲೆಂಡಿಗೆ ಹೊಸದಾಗಿ ಬಂದವರು ಯಾರಾದರೂ ಈಗ ನನಗೆ ಫೋನ್ ಮಾಡಿ, ದನಿ ತಗ್ಗಿಸಿ, "ಅಣ್ಣಾ, ಸಾಲ ತೀರಿಸೋಕೆ ಈ ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್, ಡಿಎಂಪಿ ಅಂತಾರಲ್ಲ, ಅದು ಹೇಗೆ?" ಅಂತ ಕೇಳಿದರೆ ನಾನು ಮೊದಲು ಕೇಳೋದು ಒಂದೇ: ಮನೆಯಲ್ಲಿ ಗೊತ್ತಾ? ಅರ್ಧ ಜನ ಸುಮ್ಮನಾಗುತ್ತಾರೆ.

ಈ ಸಾಲ ಮಜಾ ಮಾಡಿ ಆದದ್ದಲ್ಲ. 2018ರಲ್ಲಿ ಬಂದೆವು. 2021ರಲ್ಲಿ ವೀಸಾ ಮತ್ತೆ ಮಾಡಿಸಬೇಕಿತ್ತು. ಕಂಪನಿ ನನ್ನ ಖರ್ಚು ಕೊಟ್ಟಿತು, ಹೆಂಡತಿ ಮಗಳದ್ದು ನನ್ನ ತಲೆಗೆ. ವೀಸಾ ಜೊತೆಗೆ ಇಲ್ಲಿನ ಸರಕಾರಿ ಆಸ್ಪತ್ರೆ ಸೌಲಭ್ಯಕ್ಕೆ ಅಂತ ಕಟ್ಟುವ ಹೆಲ್ತ್ ಸರ್‌ಚಾರ್ಜ್ ಆಗ ದೊಡ್ಡವರಿಗೆ ವರ್ಷಕ್ಕೆ 624, ಮಕ್ಕಳಿಗೆ 470 ಪೌಂಡ್. ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು, 3,282 ಪೌಂಡ್. ವೀಸಾ ಫೀಸು ಬೇರೆ. (2024ರ ಫೆಬ್ರವರಿಯಿಂದ ಅದು 1,035 ಮತ್ತು 776 ಆಗಿದೆ. ಅದೇ ಲೆಕ್ಕ ಈಗ 5,433. ಈಗ ಬರುವವರು ಇದನ್ನು ಮೊದಲೇ ಎತ್ತಿಡಿ.) ನಾನು ಕಾರ್ಡ್ ಉಜ್ಜಿದೆ. ಮರುವರ್ಷ ತಂಗಿಯ ಮದುವೆ, ಮೂವರ ಟಿಕೆಟ್ಟು, ಇನ್ನೊಂದು ಕಾರ್ಡು. ಬರಿಗೈಲಿ ಹೋಗೋಕಾಗುತ್ತಾ? ಫಾರಿನ್ನಿನಲ್ಲಿರುವ ಅಣ್ಣ ಅಲ್ವಾ.

ದೊಡ್ಡ ಕಾರ್ಡಿನಲ್ಲಿ 3,900 ಇತ್ತು, ಬಡ್ಡಿ ವರ್ಷಕ್ಕೆ ಶೇಕಡ 24.9. ಅಂದರೆ ತಿಂಗಳಿಗೆ 70 ಪೌಂಡಿನ ಮೇಲೆ ಬರೀ ಬಡ್ಡಿಗೆ. ಮಿನಿಮಮ್ ಕಟ್ಟಿದರೆ ಅಸಲು ಎಲ್ಲಿ ಕರಗುತ್ತೆ? ನಾನು ಮಾತ್ರ ಪ್ರತಿ ತಿಂಗಳೂ "ಕಟ್ಟಿದೆ" ಅಂತ ನೆಮ್ಮದಿಯಾಗಿ ಮಲಗುತ್ತಿದ್ದೆ. ಊರಿನ ಶೆಟ್ಟರ ಅಂಗಡಿ ಲೆಕ್ಕದ ಹಾಗೆ, ಆಗಾಗ ಒಂದಿಷ್ಟು ಕೊಡುತ್ತಿದ್ದರೆ ಸಾಕು ಅನ್ನುವ ಬುದ್ಧಿ.

ಡಿಎಂಪಿ ಅಂದರೆ ಇಷ್ಟೇ. ಕಾರ್ಡು, ಓವರ್‌ಡ್ರಾಫ್ಟು, ಪರ್ಸನಲ್ ಲೋನು ಇವೆಲ್ಲ ಸೇರಿಸಿ ತಿಂಗಳಿಗೆ ಒಂದೇ ಮೊತ್ತ ಕೊಡುತ್ತೀರಿ. ನಡುವೆ ಇರುವ ಸಂಸ್ಥೆ ಅದನ್ನು ಸಾಲದ ಪ್ರಮಾಣಕ್ಕೆ ತಕ್ಕ ಹಾಗೆ ಹಂಚುತ್ತದೆ. ನನ್ನ 220 ಪೌಂಡಿನಲ್ಲಿ ದೊಡ್ಡ ಕಾರ್ಡಿಗೆ 126, ಓವರ್‌ಡ್ರಾಫ್ಟಿಗೆ 32, ಉಳಿದದ್ದು ಚಿಕ್ಕ ಕಾರ್ಡಿಗೆ. ಬಡ್ಡಿ ನಿಲ್ಲಿಸಿ ಅಂತ ಕೇಳುತ್ತಾರೆ, ಬಹಳ ಸಲ ನಿಲ್ಲಿಸುತ್ತಾರೆ, ಆದರೆ ನಿಲ್ಲಿಸಲೇಬೇಕು ಅನ್ನುವ ಕಾನೂನಿಲ್ಲ. ಸ್ಕಾಟ್‌ಲೆಂಡಿನಲ್ಲಿರುವವರಿಗೆ ಡೆಟ್ ಅರೇಂಜ್‌ಮೆಂಟ್ ಸ್ಕೀಮ್ ಅಂತ ಕಾನೂನಿನ ಬಲ ಇರುವುದೇ ಇದೆ, ಅದನ್ನು ಮೊದಲು ವಿಚಾರಿಸಿ. ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್ (ಮನೆಗೆ ಕಟ್ಟುವ ಸ್ಥಳೀಯ ತೆರಿಗೆ), ಗ್ಯಾಸು, ಕರೆಂಟು ಬಾಕಿ ಇದ್ದರೆ ಅವು ಕಾರ್ಡಿಗಿಂತ ಮುಂಚೆ. ಕಾರ್ಡಿನವರು ಜಾಸ್ತಿ ಫೋನ್ ಮಾಡುತ್ತಾರೆ ಅಂತ ಅವರಿಗೆ ಮೊದಲು ಕೊಟ್ಟು ಕೌನ್ಸಿಲ್ ಟ್ಯಾಕ್ಸ್ ಬಿಟ್ಟವರನ್ನು ನೋಡಿದ್ದೇನೆ. ಜಪ್ತಿಗೆ ಅಂತ ಮನೆ ಬಾಗಿಲಿಗೆ ಬರುವವರು ಹೆಚ್ಚಾಗಿ ಆ ಕಡೆಯಿಂದಲೇ ಬರೋದು.

ಈಗ ನನ್ನ ದಡ್ಡತನ. ಹಬ್ಬ ಮುಗಿದ ವಾರ ನೆಟ್ಟಿನಲ್ಲಿ ಹುಡುಕಿದೆ, ಮೇಲೆ ಬಂದ ಜಾಹೀರಾತು ಒತ್ತಿದೆ. ಹತ್ತು ನಿಮಿಷದಲ್ಲಿ ಪ್ಲಾನ್ ಮಾಡಿಸುವ ಕಂಪನಿಯಿಂದ ಫೋನು. ಎಷ್ಟು ನಯವಾದ ಮಾತು! ಮೊದಲ ತಿಂಗಳ 220 ಪೂರ್ತಿ ಅವರ ಫೀಸು. ಆಮೇಲೆ ತಿಂಗಳಿಗೆ 40. ನಾಲ್ಕು ತಿಂಗಳಲ್ಲಿ 340 ಪೌಂಡ್ ಅವರ ಜೇಬಿಗೆ. ಇದೇ ಕೆಲಸವನ್ನು ಸ್ಟೆಪ್‌ಚೇಂಜ್, ಪೇಪ್ಲಾನ್ ಅನ್ನುವ ಸಂಸ್ಥೆಗಳು ಒಂದು ಪೆನ್ನಿಯೂ ತೆಗೆದುಕೊಳ್ಳದೆ ಮಾಡಿಕೊಡುತ್ತವೆ. ಸಲಹೆ ಮಾತ್ರ ಸಾಕು ಅಂದರೆ ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್ ಇವೆ. ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಬಿಟ್ಟಿಯಾಗಿ ಸಿಗೋದು ಚೆನ್ನಾಗಿರಲ್ಲ ಅನ್ನುವ ನಮ್ಮ ಗುಮಾನಿ! ಜೊತೆಗೆ ಧರ್ಮಕ್ಕೆ ಕೈ ಚಾಚಿದ ಹಾಗಾಗುತ್ತೆ ಅನ್ನುವ ಬಿಗುಮಾನ. ಸಾಲದಲ್ಲಿ ಮುಳುಗಿದವನಿಗೆ ಬಿಗುಮಾನ ಬೇರೆ.

2023ರ ಜನವರಿಯಲ್ಲಿ ದುಡ್ಡು ಕೇಳದ ಸಂಸ್ಥೆಗೆ ಬದಲಾಯಿಸಿದೆ. ಅಲ್ಲೂ ಒಂದು ತಪ್ಪು ಮಾಡಿದೆ. ಫೋನಿನಲ್ಲಿದ್ದ ಹೆಂಗಸು, ಪಾಪ, ಮೂರು ಸಲ ಕೇಳಿದರು, ಬೇರೆ ಸಾಲ ಏನಾದರೂ ಇದೆಯಾ ಅಂತ. ಇಲ್ಲ ಅಂದೆ. ಗೆಳೆಯನೊಬ್ಬನ ಹತ್ತಿರ 800 ಪೌಂಡ್ ಕೈಸಾಲ ಇತ್ತು. ಆದರೆ ಕೈಸಾಲ ಸಾಲ ಹೇಗಾಗುತ್ತೆ? ಸಹಿ ಇಲ್ಲ, ಬಡ್ಡಿ ಇಲ್ಲ, ಅವನು ಬಾಯಿ ಬಿಟ್ಟು ಕೇಳುವುದೂ ಇಲ್ಲ. ಆಮೇಲೆ ದಿನಸಿ ದುಡ್ಡಿನಲ್ಲಿ ತಿಂಗಳಿಗೆ 50 ಉಳಿಸಿ ಅವನಿಗೆ ಕೊಡುತ್ತಾ ಹೋದೆ. ಮನೆಯಲ್ಲಿ ವಾರಕ್ಕೆ ಎರಡು ದಿನ ತಿಳಿಸಾರು. ಕೈಸಾಲ, ಗೆಳೆಯರ ಗುಂಪಿನ ಚೀಟಿ ಕಂತು, ಊರಿನ ಮನೆಯ ಇಎಂಐ, ಎಲ್ಲವನ್ನೂ ಹೇಳಿಬಿಡಿ. ಹೇಳದಿದ್ದರೆ ಅವರು ಹಾಕಿಕೊಡುವ ಲೆಕ್ಕ ನಿಮ್ಮ ಸಂಸಾರದ್ದಾಗಿರೋದಿಲ್ಲ, ಬೇರೆ ಯಾರದ್ದೋ ಆಗಿರುತ್ತೆ.

ಸರಿ, ಪ್ಲಾನ್ ಬೇಕಾ ಬೇಡವಾ? ಒಟ್ಟು ಸಾಲ ಬರೆಯಿರಿ. ಬಾಡಿಗೆ, ಬಿಲ್ಲು, ಊಟ ಕಳೆದು ತಿಂಗಳಿಗೆ ನಿಜವಾಗಿ ಎಷ್ಟು ಉಳಿಯುತ್ತೆ ಅಂತ ಬರೆಯಿರಿ. ಭಾಗಿಸಿ. ವರ್ಷ, ಒಂದೂವರೆ ವರ್ಷದಲ್ಲಿ ತೀರುತ್ತೆ ಅಂದರೆ ಡಿಎಂಪಿಗೆ ಹೋಗಬೇಡಿ, ಇದು ನನ್ನ ಖಡಾಖಂಡಿತ ಮಾತು. ಕಳೆದ ವರ್ಷ ಒಬ್ಬ ಹುಡುಗ 2,000 ಪೌಂಡ್ ಸಾಲ ಇಟ್ಟುಕೊಂಡು ಪ್ಲಾನ್ ಸೇರಲು ಹೊರಟಿದ್ದ. ಒಂದು ಕಂತೂ ತಪ್ಪಿಸಿರಲಿಲ್ಲ. ಹಳೆ ಕಾರ್ಡಿನ ಬಾಕಿ ವರ್ಗಾಯಿಸಿಕೊಳ್ಳುವ, ಬಡ್ಡಿಯಿಲ್ಲದ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಕಾರ್ಡು ಸಿಕ್ಕಿತು, ಒಂಬತ್ತು ತಿಂಗಳಲ್ಲಿ ತೀರಿಸಿದ. ಆ ಕಾರ್ಡು ಸಿಗದಿದ್ದರೂ ನೀವೇ ಬ್ಯಾಂಕಿಗೆ ಫೋನ್ ಮಾಡಿ, ಕಷ್ಟ ಇದೆ, ಬಡ್ಡಿ ನಿಲ್ಲಿಸಿ ಅಂತ ಕೇಳಬಹುದು. ಎರಡರಿಂದ ಐದು ವರ್ಷ ಬೇಕು, ಬಡ್ಡಿ ನಿಂತರೆ ಮಾತ್ರ ಸಾಧ್ಯ ಅನ್ನುವವರಿಗೆ ಪ್ಲಾನ್ ಹೇಳಿ ಮಾಡಿಸಿದ್ದು. ಹತ್ತು ವರ್ಷ ಬರುತ್ತಿದ್ದರೆ, ತಿಂಗಳಿಗೆ 75 ಪೌಂಡೂ ಉಳಿಯದಿದ್ದರೆ, ಸ್ವಂತ ಮನೆ ಇಲ್ಲದಿದ್ದರೆ, ಸಾಲ ಮನ್ನಾ ಮಾಡುವ ಡೆಟ್ ರಿಲೀಫ್ ಆರ್ಡರ್ ಬಗ್ಗೆ ಕೇಳಿ. 2024ರ ಏಪ್ರಿಲ್‌ನಿಂದ ಅದಕ್ಕೆ 90 ಪೌಂಡ್ ಫೀಸೂ ಇಲ್ಲ. ಏನೂ ತೋಚದ ಹಾಗಾಗಿದ್ದರೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ಬ್ರೀದಿಂಗ್ ಸ್ಪೇಸ್ ಅಂತ ಸಾಲ ಕೊಟ್ಟವರ ಕಾಟದಿಂದ 60 ದಿನದ ಬಿಡುವು ಸಿಗುತ್ತೆ, ಸಲಹೆಗಾರರ ಮೂಲಕವೇ.

ಒಂದು ಸೂಕ್ಷ್ಮ. ಸಂಬಳ ಬರುವ ಬ್ಯಾಂಕಿನಲ್ಲೇ ಸಾಲವೂ ಇದ್ದರೆ ಮೊದಲು ಬೇರೆ ಬ್ಯಾಂಕಿನಲ್ಲಿ ಬೇಸಿಕ್ ಅಕೌಂಟ್ ತೆಗೆದು ಸಂಬಳ ಅಲ್ಲಿಗೆ ತಿರುಗಿಸಿ. ಇಲ್ಲದಿದ್ದರೆ ಬ್ಯಾಂಕು ಸಂಬಳದಿಂದಲೇ ಮುರಿದುಕೊಳ್ಳಬಹುದು. ನನಗೆ ಇದನ್ನು ಹೇಳಿದ್ದು ದುಡ್ಡು ಕೇಳದ ಸಂಸ್ಥೆಯ ಸಲಹೆಗಾರ್ತಿ, ಆ ಜಾಹೀರಾತಿನವರಲ್ಲ.

ವೀಸಾದ ಭಯ ಎಲ್ಲರಿಗೂ ಇರುತ್ತೆ. ಸಾಲದ ಸಲಹೆ ಪಬ್ಲಿಕ್ ಫಂಡ್ಸ್, ಅಂದರೆ ವೀಸಾದವರು ಪಡೆಯಬಾರದ ಸರಕಾರಿ ನೆರವು, ಅಲ್ಲ, ಧೈರ್ಯವಾಗಿ ಕೇಳಿ. ಎನ್ಎಚ್ಎಸ್‌ಗೆ, ಅಂದರೆ ಸರಕಾರಿ ಆಸ್ಪತ್ರೆಗೆ, 500 ಪೌಂಡಿನ ಮೇಲೆ ಬಾಕಿ ಇದ್ದರೆ ಮಾತ್ರ ಅದು ಬೇರೆ ಕಥೆ, ಅದಕ್ಕೆ ವೀಸಾ ನಿಲ್ಲಬಹುದು. ಬ್ಯಾಂಕಿಂಗ್ ಕೆಲಸದವರು ನಿಮ್ಮ ಕರಾರು ಪತ್ರ ಒಮ್ಮೆ ಓದಿ, ಸಾಲದ ಬಗ್ಗೆ ಷರತ್ತು ಇದ್ದೀತು.

ಲೆಕ್ಕ ಬರೆಯುವಾಗ ಆ ಸಲಹೆಗಾರ್ತಿ ಒಂದು ಸಾಲಿನ ಹತ್ತಿರ ನಿಂತರು. ಊರಿಗೆ ತಿಂಗಳಿಗೆ 20,000 ರೂಪಾಯಿ. "ಇದು ಯಾವುದಾದರೂ ಒಪ್ಪಂದವಾ?" ಅಂತ ಕೇಳಿದರು. ಏನು ಹೇಳಲಿ? ಅಮ್ಮನ ಜೊತೆ ಒಪ್ಪಂದವಾ! ಆ ಭಾನುವಾರ ತಿಪಟೂರಿಗೆ ಫೋನ್ ಮಾಡಿ, ಸ್ವಲ್ಪ ದಿನ ಕಡಿಮೆ ಕಳಿಸುತ್ತೇನೆ ಅಂದೆ. ಗಂಟಲು ಕಟ್ಟಿತ್ತು. ಅಮ್ಮ ಆರಾಮಾಗಿ, "ನಿಮ್ಮಪ್ಪನ ಪೆನ್ಷನ್ ಬರುತ್ತಲ್ಲೋ ಮಗಾ. ನೀ ಕಳಿಸಿದ್ದೆಲ್ಲ ಪೋಸ್ಟ್ ಆಫೀಸಿನಲ್ಲಿ ಹಾಕಿದೀನಿ, ಪುಟ್ಟಿಗೆ ಅಂತ. ಮೂರು ಲಕ್ಷದ ಮೇಲಾಗಿದೆ," ಅಂದರು. 24.9ರ ಬಡ್ಡಿಗೆ ಸಾಲ ಮಾಡಿ ನಾನು ಕಳಿಸುತ್ತಿದ್ದೆ, ಅಮ್ಮ ಅದನ್ನು ನನ್ನ ಮಗಳಿಗೇ ಕೂಡಿಡುತ್ತಿದ್ದರು. ಯಾರೂ ಯಾರನ್ನೂ ಕೇಳಿರಲಿಲ್ಲ. "ತಗೊಂಡು ತೀರಿಸ್ಕೋ" ಅಂದರು. ಬೇಡ ಅಂದೆ. ಆಗಿನ ರೇಟಿನಲ್ಲಿ ಮೂರು ಸಾವಿರ ಪೌಂಡ್. ಸಾಲ ಅರ್ಧಕ್ಕಿಳಿದು, ಪ್ಲಾನೇ ಬೇಡವಾಗುತ್ತಿತ್ತೇನೋ. ಹೆಂಡತಿ ಈಗಲೂ ಅದನ್ನು ಎತ್ತಿ ಆಡುತ್ತಾಳೆ. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

31 ತಿಂಗಳು ಕಟ್ಟಿದೆ. 2025ರ ಜುಲೈನಲ್ಲಿ ಮುಗಿಯಿತು. ಆದರೆ ಮುಗಿಯೋದು ಅಲ್ಲಿಗಲ್ಲ. ಕಡಿಮೆ ಕಂತು ಕಟ್ಟುತ್ತಿದ್ದರಿಂದ 2023ರ ಮಾರ್ಚ್‌ನಲ್ಲಿ ಸಾಲ ಕೊಟ್ಟವರು ಡಿಫಾಲ್ಟ್, ಅಂದರೆ ಮಾತಿನಂತೆ ಕಟ್ಟಲಿಲ್ಲ, ಅಂತ ಬರೆದರು. ಅದು ಕ್ರೆಡಿಟ್ ಫೈಲಿನಲ್ಲಿ, ಅಂದರೆ ನಮ್ಮ ಸಾಲದ ಚರಿತ್ರೆಯ ದಾಖಲೆಯಲ್ಲಿ, ಆರು ವರ್ಷ ಇರುತ್ತೆ, ಸಾಲ ಮೊದಲೇ ತೀರಿಸಿದರೂ ಸಹ. ವಿಚಿತ್ರ ಅಂದರೆ, ಡಿಫಾಲ್ಟ್ ಬೇಗ ಬಿದ್ದರೆ ಬೇಗ ಅಳಿಯುತ್ತೆ. ಡಿಫಾಲ್ಟ್ ಹಾಕದೆ ಬರೀ "ಹೊಂದಾಣಿಕೆಯಲ್ಲಿದೆ" ಅಂತ ಎಳೆದರೆ ಗುರುತು ಇನ್ನೂ ಜಾಸ್ತಿ ದಿನ ಉಳಿಯುತ್ತೆ. ಡಿಫಾಲ್ಟ್ ತಪ್ಪಿಸಿ ಅಂತ ನಾನು ಗೋಗರೆದು ಪತ್ರ ಬರೆದಿದ್ದೆ. ಪುಣ್ಯಕ್ಕೆ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗಾಗಿ 2029ರ ಮಾರ್ಚ್ ತನಕ ಮನೆ ಸಾಲದ ಮಾತೆತ್ತುವ ಹಾಗಿಲ್ಲ. ನಮ್ಮ ಜೊತೆ ಬಂದವರೆಲ್ಲ ಗೃಹಪ್ರವೇಶ ಮಾಡಿ ಕನ್ನಡ ಕೂಟದವರನ್ನು ಊಟಕ್ಕೆ ಕರೆದಾಯಿತು. ನಮ್ಮದು ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ತಿಪಟೂರಿನಿಂದ ತಂದ ಅಜ್ಜ ಅಜ್ಜಿಯ ಫೋಟೋ ಗೋಡೆಗೆ ಒರಗಿಸಿ ಇಟ್ಟಿದ್ದೇವೆ, ಮೈಕ್ರೋವೇವ್ ಮೇಲೆ. ಬಾಗಿಲು ಜೋರಾಗಿ ಹಾಕಿದರೆ ಜಾರುತ್ತೆ. ಮಗಳು ಬಂದು ನೇರ ಮಾಡಿ ಹೋಗುತ್ತಾಳೆ.