ಅಕ್ಕಿ ಜಾಲಿಸಿದ ಹಾಗೆ ಚಿನ್ನ ಜಾಲಿಸುವುದು: ಕೊಲೋಮಾದ ಹೊಳೆದಂಡೆಯಲ್ಲಿ ನನ್ನ ಅನುಭವ

ಅಕ್ಕಿಯಲ್ಲಿ ಕಲ್ಲು ಜಾಲಿಸಲು ಬರುವವರಿಗೆ ಚಿನ್ನ ಜಾಲಿಸುವ ವಿದ್ಯೆ ಅರ್ಧ ಬಂದ ಹಾಗೆಯೇ. ನೀರಲ್ಲಿ ಪಾತ್ರೆ ಕುಲುಕುತ್ತ ಅಕ್ಕಿಯನ್ನು ಸ್ವಲ್ಪ ಸ್ವಲ್ಪವೇ ಇನ್ನೊಂದು ಪಾತ್ರೆಗೆ ಬಗ್ಗಿಸುತ್ತೇವೆ, ಭಾರದ ಕಲ್ಲು ತಳದಲ್ಲಿ ನಿಲ್ಲುತ್ತದೆ. ಅಡುಗೆಮನೆಯಲ್ಲಿ ತಳದಲ್ಲಿ ನಿಂತದ್ದನ್ನು ಚೆಲ್ಲುತ್ತೇವೆ. ಹೊಳೆಯಲ್ಲಿ ನಮಗೆ ಬೇಕಾದದ್ದು ಅದೇ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಜಾಲಗಾರರ ಕಸುಬು ಇದೇ. ಕ್ಯಾಲಿಫೋರ್ನಿಯಾದ ಗಣಿ ಊರುಗಳಲ್ಲಿ 1848ರಿಂದ ಸಾವಿರಾರು ಜನ ತಟ್ಟೆ ಹಿಡಿದು ಮಾಡಿದ್ದೂ ಇದೇ. ಕೋಲಾರದ ಕತೆ ಬೇರೆ. ಅಲ್ಲಿ ಚಿನ್ನ ಆಳದ ಬೆಣಚುಕಲ್ಲಿನ ಒಳಗೆ ಸಿಕ್ಕಿಕೊಂಡಿತ್ತು, ಕಲ್ಲನ್ನು ಮೇಲಕ್ಕೆ ತಂದು ಕುಟ್ಟಿ ಪುಡಿ ಮಾಡದೆ ಏನೂ ಕೈಗೆ ಬರುತ್ತಿರಲಿಲ್ಲ. ಹೊಳೆಯ ಚಿನ್ನಕ್ಕೆ ಆ ಕುಟ್ಟುವ ಕೆಲಸವನ್ನು ಮಳೆ, ಹಿಮ, ಪ್ರವಾಹಗಳೇ ಮಾಡಿಕೊಟ್ಟಿರುತ್ತವೆ.

ನಾನು ಜಾಲಿಸುವುದು ಕ್ಯಾಲಿಫೋರ್ನಿಯಾದ ಅಮೆರಿಕನ್ ನದಿಯ ದಕ್ಷಿಣ ಕವಲಿನಲ್ಲಿ, ಕೊಲೋಮಾ ಎಂಬ ಊರಿನಲ್ಲಿ. 1848ರ ಜನವರಿ 24ರಂದು ಜೇಮ್ಸ್ ಮಾರ್ಷಲ್ ಎಂಬ ಬಡಗಿ, ಜಾನ್ ಸಟರ್ ಎಂಬ ಜಮೀನ್ದಾರನ ಮರ ಕೊಯ್ಯುವ ಕಾರ್ಖಾನೆಯ ನೀರುಗಾಲುವೆಯಲ್ಲಿ ಚಿನ್ನದ ಚೂರು ಕಂಡದ್ದು ಇದೇ ಊರಿನಲ್ಲಿ. ಈಗ ಅದು ರಾಜ್ಯದ ಐತಿಹಾಸಿಕ ಉದ್ಯಾನ. ಗುರುತು ಮಾಡಿದ ದಡದಲ್ಲಿ ಮಾತ್ರ, ಕೈ ಮತ್ತು ತಟ್ಟೆ ಬಿಟ್ಟು ಬೇರೆ ಯಾವ ಸಲಕರಣೆಯನ್ನೂ ಬಳಸದೆ ಜಾಲಿಸಬಹುದು. ಸಲಿಕೆಯೂ ಸಲ್ಲದು. ಬೇರೆ ಸರ್ಕಾರಿ ಜಾಗಗಳಿಗೆ ಹೋಗುವವರು ಅಲ್ಲಿ ಯಾರದಾದರೂ ಗಣಿ ಹಕ್ಕು ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಹಕ್ಕಿರುವ ಜಾಗದಲ್ಲಿ ಒಂದು ಹಿಡಿ ಮರಳು ತೆಗೆದರೂ ಕಳ್ಳತನವೇ. ಹಳೆಯ ಕಾಲದಲ್ಲಿ ಈ ಹಕ್ಕಿಗೆ ಸರ್ಕಾರದ ಕಾಗದಪತ್ರ ಇರಲಿಲ್ಲ. ಒಬ್ಬೊಬ್ಬರಿಗೆ ಎಷ್ಟು ಅಡಿ ಜಾಗ ಎಂದು ಆಯಾ ಊರಿನ ಗಣಿಗಾರರೇ ಸಭೆ ಸೇರಿ ಗೊತ್ತು ಮಾಡುತ್ತಿದ್ದರು. ಗುಂಡಿಯೊಳಗೆ ಹಾರೆಯನ್ನೋ ಸಲಿಕೆಯನ್ನೋ ಬಿಟ್ಟು ಹೋದರೆ ಅದು ನನ್ನದು ಎಂದು ಹೇಳಿದಂತೆ.

ಎಲ್ಲಿ ಮರಳು ತುಂಬಬೇಕು ಎಂಬುದರ ಮೇಲೆ ದಿನದ ಫಲ ನಿಂತಿದೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಬೆಣಚುಕಲ್ಲು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಅಷ್ಟೇ. ಮಾಮೂಲಿ ಹರಿವಿಗೆ ಚಿನ್ನ ಕದಲುವುದಿಲ್ಲ. ದೊಡ್ಡ ಪ್ರವಾಹ ಬಂದಾಗ ಮಾತ್ರ ಉರುಳಿ, ಹರಿವಿನ ರಭಸ ಕುಗ್ಗಿದಲ್ಲಿ ಕೂತುಬಿಡುತ್ತದೆ. ಹಾಗಾಗಿ ನಾನು ಮೊದಲು ನೋಡುವುದು ತಿರುವಿನ ಒಳಮಗ್ಗುಲು. ಆಮೇಲೆ ದೊಡ್ಡ ಬಂಡೆಯ ಕೆಳಹರಿವಿನ ಬೆನ್ನು, ಅದಾದ ಮೇಲೆ ಹಾಸುಬಂಡೆಯ ಸೀಳುಗಳು. ಈ ಕಡೆಯ ಸ್ಲೇಟ್ ಕಲ್ಲಿನ ಪದರಗಳು ಹಲವೆಡೆ ನೆಟ್ಟಗೆ ನಿಂತು ಹರಿವಿಗೆ ಅಡ್ಡ ಕಟ್ಟಿದಂತಿರುತ್ತವೆ. ಒಂದೊಂದು ಸೀಳೂ ಒಂದೊಂದು ಬಲೆ. ಪ್ರವಾಹದ ಮಟ್ಟಕ್ಕೆ ಬಂಡೆ ಮೇಲೆ ಬೆಳೆದ ಪಾಚಿಯೂ ಸಣ್ಣ ಚಿನ್ನವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಚಿಯನ್ನು ತಟ್ಟೆಯ ನೀರಲ್ಲಿ ಹಿಂಡಿದರೆ ಸಾಕು. ಹೊಳೆ ನಡುವಿನ ತೊಳೆದಂಥ ಬಿಳಿ ಮರಳು ನೋಡಲು ಚೆಂದ, ಅದರಲ್ಲಿ ಏನೂ ಇರುವುದಿಲ್ಲ. ಕಬ್ಬಿಣದ ಹಳೆಯ ಮೊಳೆ, ಸೀಸದ ಗುಂಡು, ಕಪ್ಪು ಮರಳು ಸಿಕ್ಕಿದ ಜಾಗವನ್ನು ಬಿಡಬೇಡಿ. ಭಾರದವೆಲ್ಲ ಒಂದೇ ಕಡೆ ಕೂರುತ್ತವೆ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೀರು ಇಳಿದಿರುತ್ತದೆ, ಅದೇ ಒಳ್ಳೆಯ ಕಾಲ. ಮೇ, ಜೂನ್‌ನಲ್ಲಿ ಹಿಮ ಕರಗಿದ ನೀರಿಗೆ ಕೈ ಮರಗಟ್ಟುತ್ತದೆ, ರಭಸವೂ ಅಪಾಯದ್ದೇ. ಈ ಕವಲಿಗೆ ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಬೆಳಿಗ್ಗೆ ಒಣಗಿದ್ದ ಕಲ್ಲು ಮಧ್ಯಾಹ್ನದ ಹೊತ್ತಿಗೆ ಮುಳುಗಿರಬಹುದು. ಮಕ್ಕಳನ್ನು ಕರೆದುಕೊಂಡು ಹೋದವರು ಇದನ್ನು ಮರೆಯಲೇಬಾರದು.

ತಟ್ಟೆ 14 ಇಂಚಿನದು ಸಾಕು. ಪ್ಲಾಸ್ಟಿಕ್ಕಿನದಾದರೆ ಕಪ್ಪು ಅಥವಾ ಹಸಿರು ಬಣ್ಣದ್ದು, ಒಂದು ಮಗ್ಗುಲಿಗೆ ಮೆಟ್ಟಿಲಿನಂಥ ಗೆರೆಗಳು ಇರುವಂಥದ್ದು. ಹೊಸ ತಟ್ಟೆಯನ್ನು ಪಾತ್ರೆ ತೊಳೆಯುವ ಸೋಪು ಹಾಕಿ, ಮರಳಿನಿಂದ ಉಜ್ಜಿ ಉಜ್ಜಿ ಜಿಡ್ಡು ಬಿಡಿಸಬೇಕು. ಜಿಡ್ಡಿದ್ದರೆ ಪುಡಿ ಚಿನ್ನ ನೀರಿನ ಮೇಲೆ ತೇಲಿ ಅಂಚಿನಿಂದ ಹೊರಟುಹೋಗುತ್ತದೆ. ಬಿಸಿಲಿಗೆ ಹಚ್ಚಿಕೊಂಡ ಕ್ರೀಮು ಕೈಯಿಂದ ತಟ್ಟೆಗೆ ಇಳಿದರೂ ಅದೇ ಗತಿ. ಉಕ್ಕಿನ ತಟ್ಟೆ ಬಳಸುವವರು ಒಮ್ಮೆ ಅದನ್ನು ಬೆಂಕಿಯಲ್ಲಿ ಕಾಯಿಸಿ ಎಣ್ಣೆ ಸುಟ್ಟುಹಾಕುತ್ತಾರೆ. ಲೋಹ ನೀಲಿಗಪ್ಪಾಗುತ್ತದೆ, ಆ ಬಣ್ಣದ ಮೇಲೆ ಚಿನ್ನ ಎದ್ದು ಕಾಣುತ್ತದೆ. ಹಳೆಯ ಗಣಿಗಾರ ಅದೇ ತಟ್ಟೆಯಲ್ಲಿ ಹಂದಿಮಾಂಸ ಹುರಿಯುತ್ತಿದ್ದನೆಂದು ಹೇಳುವುದುಂಟು. ಹುರಿದರೆ ಮತ್ತೆ ಸುಡಲೇಬೇಕು, ಬೇರೆ ದಾರಿ ಇಲ್ಲ.

ಇನ್ನು ಜಾಲಿಸುವುದು. ತಟ್ಟೆಯ ಮುಕ್ಕಾಲು ಭಾಗ ಮರಳು-ಕಲ್ಲು ತುಂಬಿಸಿ. ಸುಮಾರು ಐದು ಕಿಲೋ ಆಗುತ್ತದೆ, ಅದಕ್ಕಿಂತ ಹೆಚ್ಚಾದರೆ ಮಣಿಕಟ್ಟು ಸೋಲುತ್ತದೆ. ನೀರು ನಿಧಾನವಾಗಿ ಹರಿಯುವ, ಮೊಣಕಾಲುದ್ದಕ್ಕಿಂತ ಕಡಿಮೆ ಇರುವ ಕಡೆ ಒಂದು ಕಲ್ಲಿನ ಮೇಲೆ ಕೂತು ತಟ್ಟೆಯನ್ನು ಪೂರ್ತಿ ಮುಳುಗಿಸಿ. ಎರಡೂ ಕೈ ಹಾಕಿ ಕಲಸಿ. ಜೇಡಿಮಣ್ಣಿನ ಉಂಡೆಗಳನ್ನು, ಮುದ್ದೆಯ ಗಂಟು ಒಡೆಯುವ ಹಾಗೆ, ಬೆರಳಲ್ಲಿ ಹಿಸುಕಿ ಒಂದೂ ಉಳಿಯದಂತೆ ಕರಗಿಸಿ. ನೀರು ತಿಳಿಯಾಗುವವರೆಗೆ ಇದೇ ಕೆಲಸ. ಹೊಸಬರು ಚಿನ್ನ ಕಳೆದುಕೊಳ್ಳುವುದು ಕೊನೆಯ ನಾಜೂಕಿನ ಹಂತದಲ್ಲಿ ಎಂದು ಎಲ್ಲರೂ ತಿಳಿಯುತ್ತಾರೆ. ನಾನು ಕಂಡಂತೆ ಹೆಚ್ಚಿನ ನಷ್ಟ ಆಗುವುದು ಇಲ್ಲಿ, ಈ ಕಲಸುವ ಹಂತದಲ್ಲಿ. ಒಡೆಯದ ಜೇಡಿ ಉಂಡೆ ತಟ್ಟೆಯಲ್ಲಿ ಉರುಳುತ್ತ ಚಿನ್ನದ ಕಣಗಳನ್ನು ಮೈಗೆ ಅಂಟಿಸಿಕೊಂಡು, ಕಲ್ಲಿನ ಜೊತೆ ಹೊರಗೆ ಬೀಳುತ್ತದೆ. ದಪ್ಪ ಕಲ್ಲುಗಳನ್ನೂ ತಟ್ಟೆಯೊಳಗೇ ತೊಳೆದು ಆಮೇಲೆ ಎಸೆಯಬೇಕು.

ಈಗ ತಟ್ಟೆಯನ್ನು ನೀರೊಳಗೆ ಮಟ್ಟವಾಗಿ ಹಿಡಿದು ಎಡಕ್ಕೂ ಬಲಕ್ಕೂ ಜೋರಾಗಿ ಕುಲುಕಿ, ಎಣಿಸಿ ಅರ್ಧ ನಿಮಿಷ. ಮರಳು ಗಂಜಿಯಂತೆ ಸಡಿಲವಾಗಿ ಅಲುಗುತ್ತಿರಬೇಕು. ಹಾಗಿದ್ದರಷ್ಟೇ ಭಾರದ್ದು ಕೆಳಗಿಳಿಯುತ್ತದೆ. ಮೆಲ್ಲಗೆ ಗುಂಡಗೆ ತಿರುಗಿಸುತ್ತ ಕೂತರೆ ಮೇಲಿನ ಪದರವಷ್ಟೇ ಸುತ್ತುತ್ತದೆ, ತಳ ಗಟ್ಟಿಯಾಗಿ ಕೂತಿರುತ್ತದೆ. ಆಮೇಲೆ ಗೆರೆಗಳ ಮಗ್ಗುಲು ಆಚೆಗಿರುವಂತೆ ತಟ್ಟೆಯನ್ನು ಮುಂದಕ್ಕೆ ಬಾಗಿಸಿ, ಅಂಚನ್ನು ನೀರಿಗೆ ಅದ್ದಿ ಎತ್ತಿ. ಹೀಗೆ ನಾಲ್ಕು ಸಲ ಅದ್ದಿದರೆ ಮೇಲಿನ ಬೆಳ್ಳನೆಯ ಮರಳು ಒಂದು ಪದರ ಹೋಗುತ್ತದೆ. ಐದನೆಯ ಸಲ ಅದ್ದಬೇಡಿ. ಮತ್ತೆ ಮಟ್ಟ ಮಾಡಿ, ಮತ್ತೆ ಕುಲುಕಿ, ಮತ್ತೆ ನಾಲ್ಕು ಸಲ ಅದ್ದಿ. ಕುಲುಕದೆ ಅದ್ದುತ್ತಲೇ ಹೋದರೆ ಕೆಳಗಿಳಿದದ್ದೂ ಮೇಲೆದ್ದು ನೀರು ಪಾಲಾಗುತ್ತದೆ.

ಕೊನೆಗೆ ಒಂದು ದೊಡ್ಡ ಚಮಚದಷ್ಟು ಕಪ್ಪು ಮರಳು ಉಳಿಯುತ್ತದೆ. ಹೆಚ್ಚಿನದು ಮ್ಯಾಗ್ನೆಟೈಟ್, ಕಬ್ಬಿಣದ ಅದಿರು. ನೀರಿಗಿಂತ ಐದು ಪಟ್ಟು ಭಾರ, ಆದ್ದರಿಂದ ಹಟಮಾರಿ. ಇನ್ನು ಹೊಳೆಯಲ್ಲಿ ಅದ್ದುವುದು ಬೇಡ. ಒಂದು ಲೋಟ ತಿಳಿನೀರು ತಟ್ಟೆಗೆ ಹಾಕಿಕೊಂಡು, ಗೆರೆ ಇಲ್ಲದ ಮಗ್ಗುಲಿಗೆ ಮರಳನ್ನು ತಂದು, ತಟ್ಟೆಯನ್ನು ಓರೆ ಮಾಡಿ ನೀರನ್ನು ನಿಧಾನವಾಗಿ ಅದರ ಮೇಲೆ ಹಾಯಿಸಿ. ಮರಳು ಬೀಸಣಿಗೆಯಂತೆ ಹರಡಿಕೊಂಡು ಮುಂದೆ ಸರಿಯುತ್ತದೆ, ಎಲ್ಲಕ್ಕೂ ಹಿಂದೆ, ತೀರಾ ಕೊನೆಯಲ್ಲಿ, ಹಳದಿ ಚುಕ್ಕೆಗಳು ಜಾಗ ಬಿಡದೆ ನಿಲ್ಲುತ್ತವೆ. ಬೆರಳಿನ ತುದಿ ಒಣಗಿಸಿ ಒತ್ತಿದರೆ ಚುಕ್ಕೆ ಬೆರಳಿಗೆ ಅಂಟುತ್ತದೆ, ನೀರು ತುಂಬಿದ ಸಣ್ಣ ಶೀಶೆಗೆ ಮುಟ್ಟಿಸಿದರೆ ಬಿಡುತ್ತದೆ.

ಹೊಳೆಯುವುದೆಲ್ಲ ಚಿನ್ನವಾಗಿದ್ದರೆ ಅಭ್ರಕವೇ ಎಲ್ಲರನ್ನೂ ಸಾಹುಕಾರರನ್ನಾಗಿ ಮಾಡುತ್ತಿತ್ತು. ಅಭ್ರಕ ನೀರಲ್ಲಿ ಎದ್ದು ತೇಲಾಡುತ್ತದೆ, ಬಿಸಿಲಲ್ಲಿ ಮಿನುಗಿ ನೆರಳಲ್ಲಿ ಕಳೆಗುಂದುತ್ತದೆ. ಚಿನ್ನ ನೆರಳಲ್ಲೂ ಅದೇ ಹಳದಿ. ಚಿನ್ನದಂತೆಯೇ ಹಳದಿಯಾಗಿ ಹೊಳೆಯುವ ಪೈರೈಟ್ ಎಂಬ ಖನಿಜವೂ ಮೋಸ ಮಾಡುತ್ತದೆ. ಸೂಜಿಯಿಂದ ಒತ್ತಿದರೆ ಪೈರೈಟ್ ಪುಡಿಯಾಗುತ್ತದೆ, ಚಿನ್ನ ತಗ್ಗು ಬಿದ್ದು ನಿಲ್ಲುತ್ತದೆ.

ಕೈ ಪಳಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ, ಹೊಳೆಗೆ ಹೋಗುವ ಮೊದಲು ಇದನ್ನು ಮಾಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಮೀನು ಹಿಡಿಯುವವರು ಬಳಸುವ ಸೀಸದ ಸಣ್ಣ ಗುಂಡುಗಳನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಹತ್ತು ಚೂರು ಎಣಿಸಿ ಮರಳಿಗೆ ಸೇರಿಸಿ, ಮನೆಯಲ್ಲೇ ಟಬ್ಬಿನ ಮೇಲೆ ಜಾಲಿಸಿ. ಸೀಸ ನೀರಿಗಿಂತ ಹನ್ನೊಂದು ಪಟ್ಟು ಭಾರ, ಚಿನ್ನಕ್ಕಿಂತ ಬಹಳ ಹಗುರ. ಹತ್ತರಲ್ಲಿ ಒಂಬತ್ತು ಉಳಿಸಿಕೊಳ್ಳುವ ಕೈ ಅಷ್ಟೇ ಗಾತ್ರದ ಚಿನ್ನವನ್ನು ಬಿಡುವುದಿಲ್ಲ. ಹೊಳೆಯಲ್ಲಿ ಮಾತ್ರ ಸೀಸ ಬೇಡ, ಕೈಯನ್ನೂ ಸೋಪಿನಿಂದ ತೊಳೆಯಿರಿ.

ಪಳಗಿದ ಗಣಿಗಾರ ದಿನಕ್ಕೆ 50 ತಟ್ಟೆ ಜಾಲಿಸುತ್ತಿದ್ದ ಎಂಬುದು ಆ ಕಾಲದ ಲೆಕ್ಕ. ಹತ್ತು ಗಂಟೆ ದುಡಿದರೆ ತಟ್ಟೆಗೆ 12 ನಿಮಿಷ, ಅಗೆಯುವುದೂ ಸೇರಿ. ಕುಕ್ಕರುಗಾಲಲ್ಲಿ, ಹಿಮದ ನೀರಲ್ಲಿ. ಇದರಿಂದ ಹೊಟ್ಟೆ ತುಂಬುವುದು ಕಷ್ಟ ಎಂದು ಜನಕ್ಕೆ ಬೇಗ ಗೊತ್ತಾಯಿತು. ತಟ್ಟೆ ಜಾಗ ಪರೀಕ್ಷಿಸುವುದಕ್ಕೆ ಉಳಿಯಿತು, ದುಡಿಮೆಗೆ ತೊಟ್ಟಿಲು ಬಂತು. ಮಗುವಿನ ತೊಟ್ಟಿಲಿನಂತೆ ಅಡಿಯಲ್ಲಿ ಬಾಗಿದ ಎರಡು ಮರದ ಪಟ್ಟಿಗಳಿರುವ ಪೆಟ್ಟಿಗೆ ಅದು. ಇಬ್ಬರು ಸೇರಿ ದಿನಕ್ಕೆ ಮೂರರಿಂದ ಐದು ಘನ ಗಜ ಮಣ್ಣನ್ನು ಅದರಲ್ಲಿ ತೊಳೆಯಬಹುದು.

ನಾನು ಮನೆಯ ಹಿತ್ತಲಲ್ಲಿ ಬಳಸುವ ತೊಟ್ಟಿಲು ಮೂರೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ. ತಲೆಯ ಕಡೆ ಮೇಲೆ ಅರ್ಧ ಇಂಚಿನ ತೂತುಗಳ ತಗಡಿನ ಜರಡಿ ಪೆಟ್ಟಿಗೆ. ಅದರ ಕೆಳಗೆ ಓರೆಯಾಗಿ ಕಟ್ಟಿದ ಕ್ಯಾನ್ವಾಸ್ ಬಟ್ಟೆ, ನಡುವೆ ತುಸು ಜೋಲು ಬಿಟ್ಟದ್ದು. ಜೋಲಿನಲ್ಲಿಯೇ ಹೆಚ್ಚಿನ ಚಿನ್ನ ನಿಲ್ಲುತ್ತದೆ, ಬಿಗಿಯಾಗಿ ಎಳೆದು ಕಟ್ಟಿದರೆ ಜಾರಿಹೋಗುತ್ತದೆ. ತಳದಲ್ಲಿ ಮುಕ್ಕಾಲು ಇಂಚು ಎತ್ತರದ ಅಡ್ಡಪಟ್ಟಿಗಳು. ಇಳಿಜಾರು ಮೂರು ಅಡಿಗೆ ಎರಡೂವರೆ ಇಂಚು, ಜೇಡಿ ಹೆಚ್ಚಿದ್ದರೆ ಇನ್ನರ್ಧ ಇಂಚು. ನೀರನ್ನು ಬಕೆಟ್ಟಿನಿಂದ ದಬಕ್ಕನೆ ಸುರಿಯಬಾರದು, ಚೊಂಬಿನಲ್ಲಿ ಬಿಡದೆ ಒಂದೇ ಸಮ ಹೊಯ್ಯಬೇಕು. ತೂಗುವುದು ನಿಧಾನವಾದರೆ ಅಡ್ಡಪಟ್ಟಿಗಳ ಹಿಂದೆ ಮರಳು ಗಾರೆಯಂತೆ ಗಟ್ಟಿಯಾಗಿ, ಚಿನ್ನ ಅದರ ಮೇಲೇ ಹಾದುಹೋಗುತ್ತದೆ. ಪಟ್ಟಿಯ ಹಿಂದೆ ಬೆರಳಿಟ್ಟು ನೋಡುತ್ತಿರಿ. ಮೆತ್ತಗಿದ್ದರೆ ಸರಿ, ಗಟ್ಟಿಯಾಗಿದ್ದರೆ ನಿಲ್ಲಿಸಿ ಬಿಡಿಸಿ.

ಆಗಿನವರು ಪಟ್ಟಿಗಳ ಹಿಂದೆ ಪಾದರಸ ಹಾಕಿ ಪುಡಿ ಚಿನ್ನ ಹಿಡಿಯುತ್ತಿದ್ದರು. ಆ ಪಾದರಸ ಈಗಲೂ ಈ ಹೊಳೆಗಳ ತಳದಲ್ಲಿದೆ. ಬೆಳ್ಳಿಯಂತೆ ಬಿಳಿಚಿಕೊಂಡ ಚಿನ್ನ ತಟ್ಟೆಗೆ ಬಂದರೆ ಅದು ಪಾದರಸ ಹತ್ತಿದ್ದು. ಅದನ್ನು ಬೇರೆ ಶೀಶೆಯಲ್ಲಿ ನೀರೊಳಗೆ ಮುಚ್ಚಿಡಿ. ಒಲೆಯ ಮೇಲೆ ಕಾಯಿಸಿ ಬಿಡಿಸಲು ಹೋಗಲೇಬೇಡಿ, ಆ ಹೊಗೆ ವಿಷ.

ಗಣಿ ಊರಿನಲ್ಲಿ ಭಾನುವಾರ ಹೊಳೆಯ ಕೆಲಸ ನಿಲ್ಲುತ್ತಿತ್ತು. ಬಟ್ಟೆ ಒಗೆಯುವುದು, ವಾರಕ್ಕಾಗುವಷ್ಟು ರೊಟ್ಟಿ ಸುಡುವುದು, ಅಂಗಡಿಗೆ ಹೋಗುವುದು ಆವತ್ತೇ. ಹಿಟ್ಟು, ಒಣ ಹುರುಳಿಕಾಯಿ ಕಾಳು, ಉಪ್ಪು ಹಾಕಿದ ಹಂದಿಮಾಂಸ, ಕಾಫಿ, ಹೆಚ್ಚುಕಡಿಮೆ ಇಷ್ಟೇ ಊಟ. ಸೊಪ್ಪುಸದೆ ಇಲ್ಲದೆ ಒಸಡಿನಲ್ಲಿ ರಕ್ತ ಬರುವ ಸ್ಕರ್ವಿ ಹತ್ತುತ್ತಿತ್ತು. ದಡದ ನೆರಳಲ್ಲಿ ಬೆಳೆಯುವ ದುಂಡೆಲೆಯ ಒಂದು ಕಾಡುಸೊಪ್ಪನ್ನು ತಿಂದು ಸುಧಾರಿಸಿಕೊಳ್ಳುತ್ತಿದ್ದರು, ಅದಕ್ಕೆ ಇಂದಿಗೂ ಗಣಿಗಾರರ ಸೊಪ್ಪು ಎಂದೇ ಹೆಸರು. ಚೀನಾದಿಂದ ಬಂದ ಗಣಿಗಾರರು ಕುದಿಸಿದ ನೀರಿನ ಚಹಾ ಕುಡಿಯುತ್ತಿದ್ದರು. ಹೊಳೆ ನೀರು ಕುಡಿದವರನ್ನು ಕಾಡುವ ಆಮಶಂಕೆಗೆ ಅದು ಒಳ್ಳೆಯ ತಡೆ.

ಅಂಗಡಿಯಲ್ಲಿ ನಾಣ್ಯದ ಬದಲು ಚಿನ್ನದ ಪುಡಿಯೇ ನಡೆಯುತ್ತಿತ್ತು. ಔನ್ಸಿಗೆ, ಅಂದರೆ 31.1 ಗ್ರಾಂಗೆ, ಟಂಕಸಾಲೆಯ ಬೆಲೆ 20.67 ಡಾಲರ್ ಇದ್ದರೂ ಗಣಿ ಊರಿನಲ್ಲಿ ಸಿಗುತ್ತಿದ್ದದ್ದು ಸಾಮಾನ್ಯವಾಗಿ 16. ಒಂದು ಚಿಟಿಕೆಗೆ ಒಂದು ಡಾಲರ್ ಲೆಕ್ಕ, ಎಂದರೆ ಎರಡು ಗ್ರಾಂಗೆ ತುಸು ಕಡಿಮೆ. ಚಿಟಿಕೆ ತೆಗೆಯುವವನ ಹೆಬ್ಬೆರಳು ದಪ್ಪಗಿದ್ದಷ್ಟೂ ಕೊಡುವವನಿಗೆ ನಷ್ಟ. ಕಪ್ಪು ಮರಳು ಬೆರೆತ ಪುಡಿಗೆ ಬೆಲೆ ಇಳಿಯುತ್ತಿತ್ತು, ಹಾಗಾಗಿ ಒಣಗಿಸಿ ಅಗಲ ತಗಡಿನಲ್ಲಿ ಹರಡಿ, ಮೊರದಲ್ಲಿ ಕೇರುವಂತೆ ಅಲುಗಿಸುತ್ತ ಊದಿ ಮರಳು ಹಾರಿಸುತ್ತಿದ್ದರು.

ನಾನು ಊದುವ ಮೊದಲು ಅಯಸ್ಕಾಂತ ಬಳಸುತ್ತೇನೆ. ಅದನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಣ ಮರಳನ್ನು ಕಾಗದದ ಮೇಲೆ ತೆಳ್ಳಗೆ ಹರಡಿ, ಅರ್ಧ ಇಂಚು ಮೇಲೆ ಹಿಡಿಯುವುದು. ಮರಳಿಗೆ ತಾಗಿಸಿದರೆ ಮ್ಯಾಗ್ನೆಟೈಟ್ ಗುಚ್ಛದೊಳಗೆ ಚಿನ್ನವೂ ಸಿಕ್ಕಿ ಬಂದುಬಿಡುತ್ತದೆ. ಚೀಲದಿಂದ ಅಯಸ್ಕಾಂತ ಹೊರಗೆಳೆದರೆ ಕಪ್ಪು ಮರಳು ತಾನಾಗಿ ಉದುರುತ್ತದೆ. ಉದುರಿದ್ದನ್ನು ಎಸೆಯದೆ ಡಬ್ಬಿಯಲ್ಲಿ ಕೂಡಿಡಿ. ಡಬ್ಬಿ ತುಂಬಿದ ಮೇಲೆ ಒಂದು ಹನಿ ಸೋಪು ಬೆರೆಸಿದ ನೀರಲ್ಲಿ, ಚಮಚ ಚಮಚವಾಗಿ, ಇನ್ನೊಮ್ಮೆ ಜಾಲಿಸಿ.